ಬೇಸಗೆ ರಜೆಯೂ ಊರ ಗ್ರಂಥಾಲಯವೂ

ಏಪ್ರಿಲ್ ತಿಂಗಳ ಎರಡನೆಯ ವಾರ ಬಂದಿತೆಂದರೆ ನಮ್ಮ ರಾಜ್ಯದ ಶಾಲೆಗಳ ಬಾಗಿಲುಗಳು ಮುಚ್ಚುತ್ತವೆ. ಅವು ಮತ್ತೆ ತೆರೆಯುವುದು ಮೇ ತಿಂಗಳು ಮುಗಿಯುವ ಹೊತ್ತಿಗೆ. ನಡುವೆ ಸುಮಾರು ಏಳು ವಾರಗಳ ಬಿಡುವು. ಪರೀಕ್ಷೆಯ ಭಾರವನ್ನು ಇಳಿಸಿಕೊಂಡ ಮಕ್ಕಳಿಗೆ ಇಷ್ಟು ಪ್ರಿಯವಾದ ಕಾಲ ವರ್ಷದಲ್ಲಿ ಮತ್ತೊಂದಿಲ್ಲ. ಮಾವಿನ ತೋಪು, ಅಜ್ಜಿಯ ಮನೆ, ಊರ ಜಾತ್ರೆ, ಕೆರೆಯ ಈಜು ಇವೆಲ್ಲ ಆ ದಿನಗಳಿಗೆ ಸೇರಿದ ಸೊತ್ತು. ಅದನ್ನು ಅವರಿಂದ ಕಿತ್ತುಕೊಳ್ಳಬೇಕೆಂದು ಯಾರೂ ಹೇಳಲಾರರು. ಆದರೆ ಶಾಲೆಯ ಬಾಗಿಲಿನ ಜೊತೆಯಲ್ಲಿ ಇನ್ನೊಂದು ಬಾಗಿಲೂ ಮುಚ್ಚಿಕೊಳ್ಳುತ್ತದೆ. ನಾವು ಅದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಶಾಲೆಯ ಪುಸ್ತಕದ ಬೀರುವಿನ ಬಾಗಿಲು.

ವಾರ್ಷಿಕ ಪರೀಕ್ಷೆ ಸಮೀಪಿಸಿದಂತೆ ಮಕ್ಕಳಿಗೆ ಕೊಟ್ಟ ಪುಸ್ತಕಗಳನ್ನೆಲ್ಲ ಹಿಂದಕ್ಕೆ ಪಡೆಯುವುದು, ದಾಖಲೆಯೊಡನೆ ತಾಳೆ ನೋಡುವುದು, ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸುವುದು, ಇದು ಅನೇಕ ಶಾಲೆಗಳಲ್ಲಿ ನಡೆದುಬಂದ ಪದ್ಧತಿ. ಉಪಾಧ್ಯಾಯರ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಲೆಕ್ಕ ಒಪ್ಪಿಸಬೇಕಾದವರು ಅವರೇ ತಾನೆ? ಆದರೆ ಇದರ ಫಲವೇನು? ಪಾಠದ ಒತ್ತಡದಲ್ಲಿ ಓದುವುದಕ್ಕೆ ಬಿಡುವೇ ಇಲ್ಲದ ಹತ್ತು ತಿಂಗಳು ಪುಸ್ತಕಗಳು ಮಕ್ಕಳ ಸಮೀಪದಲ್ಲಿರುತ್ತವೆ. ಬಿಡುವು ದೊರೆತ ಕೂಡಲೆ ಅವು ಬೀಗದೊಳಗೆ ಸೇರುತ್ತವೆ.

ಮನೆಯಲ್ಲಿ ಪುಸ್ತಕಗಳಿರುವ ಮಗುವಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ತಂದೆ ಪತ್ರಿಕೆ ತರಿಸುತ್ತಾರೆ, ತಾಯಿ ಕಥೆಯ ಪುಸ್ತಕ ಕೊಡಿಸುತ್ತಾರೆ, ನಗರವಾದರೆ ಹಣ ತೆತ್ತು ಬೇಸಗೆ ಶಿಬಿರಕ್ಕೂ ಸೇರಿಸುತ್ತಾರೆ. ಆದರೆ ಕೂಲಿಯಿಂದ ಜೀವಿಸುವ ಕುಟುಂಬದ ಮಗುವಿನ ಮನೆಯಲ್ಲಿ ಅಚ್ಚಾದ ಅಕ್ಷರವೆಂದರೆ ಗೋಡೆಯ ಮೇಲಿನ ಕ್ಯಾಲೆಂಡರು ಮತ್ತು ದಿನಸಿ ಕಟ್ಟಿ ತಂದ ಹಳೆಯ ಕಾಗದ, ಅಷ್ಟೆ. ಶಾಲೆ ತೆರೆದಿರುವಾಗ ಈ ಇಬ್ಬರು ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪುಸ್ತಕವನ್ನು ಓದುತ್ತಾರೆ. ಶಾಲೆ ಮುಚ್ಚಿದಾಗ ಅವರ ದಾರಿಗಳು ಬೇರೆಯಾಗುತ್ತವೆ. ಆದುದರಿಂದ ಬೇಸಗೆಯ ಓದೆಂಬುದು ಹೊತ್ತು ಕಳೆಯುವ ಉಪಾಯವಷ್ಟೇ ಅಲ್ಲ, ಅದು ಸಮಾನತೆಯ ಪ್ರಶ್ನೆಯೂ ಹೌದು.

ನನ್ನ ಬಾಲ್ಯದ ಒಂದು ಬೇಸಗೆ ಇಲ್ಲಿ ನೆನಪಾಗುತ್ತದೆ. ನಮ್ಮದೊಂದು ಸಣ್ಣ ತಾಲೂಕು ಪಟ್ಟಣ. ಅಲ್ಲಿಯ ಪುಸ್ತಕ ಭಂಡಾರವೆಂದರೆ ಹೆಂಚಿನ ಮಾಡಿನ ಎರಡು ಕೋಣೆಗಳು. ಮುಂದಿನ ಕೋಣೆಯಲ್ಲಿ ಹಿರಿಯರು ವೃತ್ತಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಹುಡುಗರು ಒಳಗೆ ಕಾಲಿಟ್ಟರೆ ಗದರಿಸಿ ಹೊರಗೆ ಕಳುಹಿಸುವುದೇ ವಾಡಿಕೆಯಾಗಿತ್ತು. ಒಂದು ಮಧ್ಯಾಹ್ನ ಬಿಸಿಲಿನ ತಾಪ ತಾಳಲಾರದೆ ನಾನು ಅದರ ಜಗುಲಿಯ ಮೇಲೆ ಕುಳಿತಿದ್ದೆ. ಅಲ್ಲಿ ಕೆಲಸ ಮಾಡುತ್ತಿದ್ದ ವೃದ್ಧರು ಹೊರಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ಎದ್ದು ನಿಂತೆ. ಅವರು ಒಂದು ತೆಳುವಾದ ಕಥೆಯ ಪುಸ್ತಕವನ್ನು ನನ್ನ ಕೈಗಿತ್ತು, "ಇದನ್ನು ಇಲ್ಲೇ ಕುಳಿತು ಓದು ಮಗು. ನಾಳೆ ಬಂದು ಕಥೆಯನ್ನು ನನಗೆ ಹೇಳಬೇಕು. ಹೇಳಿದರೆ ಇನ್ನೊಂದು ಕೊಡುತ್ತೇನೆ" ಎಂದರು.

ಮರುದಿನ ನಾನು ಹೋಗಿ ಕಥೆ ಹೇಳಿದೆ. ಅವರು ಕೆಲಸ ನಿಲ್ಲಿಸಿ ಕೇಳಿದರು; ನಡುವೆ ಒಂದೆರಡು ಪ್ರಶ್ನೆಗಳನ್ನೂ ಹಾಕಿದರು. ಆ ಬೇಸಗೆಯಲ್ಲಿ ಎಷ್ಟು ಪುಸ್ತಕ ಓದಿದೆನೆಂಬ ಲೆಕ್ಕ ಈಗ ನನ್ನಲ್ಲಿಲ್ಲ. ಆದರೆ ನಾನು ಓದಿದ್ದನ್ನು ಕೇಳಲು ಒಬ್ಬ ಹಿರಿಯರು ಕಾದಿದ್ದಾರೆಂಬ ಭಾವನೆ ಇಂದಿಗೂ ಮಾಸಿಲ್ಲ. ಮುಂದೆ ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿಯಿತು, ಅವರು ಅಂದು ನಡೆಸಿದ್ದು ಒಬ್ಬನೇ ಹುಡುಗನ ಬೇಸಗೆ ಓದಿನ ಕಾರ್ಯಕ್ರಮವೆಂದು. ಪುಸ್ತಕ, ಕುಳಿತುಕೊಳ್ಳಲು ನೆರಳು, ಕೇಳುವ ಕಿವಿ, ಈ ಮೂರೂ ಅದರಲ್ಲಿದ್ದವು. ಒಬ್ಬನಿಗೆ ದೊರೆತದ್ದು ಊರಿನ ಎಲ್ಲ ಮಕ್ಕಳಿಗೂ ದೊರೆಯುವಂತೆ ಮಾಡುವುದೇ ನಮ್ಮ ಮುಂದಿರುವ ಕೆಲಸ.

ಇಂತಹ ಓದಿನಿಂದ ಪ್ರಯೋಜನವುಂಟೆ ಎಂದು ಕೇಳುವವರಿದ್ದಾರೆ. ಬಾರ್ಬರಾ ಹೈನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಅಟ್ಲಾಂಟಾ ನಗರದ ಆರು ಮತ್ತು ಏಳನೆಯ ತರಗತಿಯ ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನವನ್ನು 1978ರಲ್ಲಿ ಪ್ರಕಟಿಸಿದರು. ರಜೆಯಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಪುಸ್ತಕಗಳನ್ನು ಓದಿದ ಮಕ್ಕಳು, ಬಡವರಾಗಿರಲಿ ಶ್ರೀಮಂತರಾಗಿರಲಿ, ಓದದವರಿಗಿಂತ ಮುಂದೆ ಹೋಗಿದ್ದರೆಂದು ಅವರು ಕಂಡುಕೊಂಡರು. ಸಾರ್ವಜನಿಕ ಗ್ರಂಥಾಲಯವು ಮನೆಗೆ ಸಮೀಪವಿದ್ದ ಮಕ್ಕಳು ಹೆಚ್ಚಾಗಿ ಓದುತ್ತಿದ್ದರೆಂಬುದೂ ತಿಳಿದುಬಂದಿತು. ರಜೆಯಲ್ಲಿ ಮಕ್ಕಳು ಎಷ್ಟು ಮರೆಯುತ್ತಾರೆಂಬುದರ ಬಗೆಗೆ ವಿದ್ವಾಂಸರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ಓದುವ ಅಭ್ಯಾಸ ಮುಂದುವರಿದರೆ ಓದುವ ಶಕ್ತಿ ಬೆಳೆಯುತ್ತದೆಂಬುದನ್ನು ಯಾರೂ ಅಲ್ಲಗಳೆದಿಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಕಹಿಯಾದ ಸಾಕ್ಷ್ಯ ದೊರೆತಿದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ಕಾರಣ ಶಾಲೆಗಳು ಮುಚ್ಚಿದವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಆರಂಭದಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ನೋಡಿದರು. ಎರಡರಿಂದ ಆರನೆಯ ತರಗತಿಯ ಆ ಮಕ್ಕಳಲ್ಲಿ ನೂರಕ್ಕೆ 92 ಮಂದಿ ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಏಳು ವಾರಗಳ ರಜೆಯನ್ನು ಆ ದೀರ್ಘ ವಿರಾಮಕ್ಕೆ ಹೋಲಿಸುವುದು ಸರಿಯಲ್ಲ, ನಿಜ. ಆದರೂ ಕಲಿತ ಅಕ್ಷರವು ಬಳಸದಿದ್ದರೆ ಉಳಿಯುವುದಿಲ್ಲವೆಂಬ ಪಾಠವನ್ನು ನಾವು ಮರೆಯಬಾರದು. ಉಳುಮೆಯಿಲ್ಲದ ಹೊಲದಲ್ಲಿ ಕಳೆ ಬೆಳೆಯುವುದಕ್ಕೆ ಬಹುಕಾಲ ಬೇಕಾಗುವುದಿಲ್ಲ.

ಶಾಲೆ ಮುಚ್ಚಿದಾಗ ಮಕ್ಕಳನ್ನು ಕರೆಯಬಲ್ಲ ಸಂಸ್ಥೆ ಊರಿನಲ್ಲಿ ಯಾವುದಿದೆ? ಸಾರ್ವಜನಿಕ ಗ್ರಂಥಾಲಯವೇ ಅಲ್ಲವೆ? ಅಲ್ಲಿ ಹಾಜರಿಯಿಲ್ಲ, ಪರೀಕ್ಷೆಯಿಲ್ಲ, ಜಾತಿ ಅಂತಸ್ತುಗಳ ವಿಚಾರಣೆಯಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದ ಅವರು 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದರು. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಅವುಗಳಲ್ಲಿ ಮೊದಲನೆಯದು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬುವು ಮುಂದಿನ ಎರಡು. ಮಧ್ಯಯುಗದ ಯೂರೋಪಿನಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದರೆಂಬುದನ್ನು ಅವರು ಮೊದಲನೆಯ ಸೂತ್ರದ ವಿವರಣೆಯಲ್ಲಿ ನೆನೆಯುತ್ತಾರೆ. ಬೇಸಗೆಯಲ್ಲಿ ಬೀಗ ಬೀಳುವ ನಮ್ಮ ಬೀರುಗಳಿಗೂ ಆ ಸರಪಳಿಗೂ ಎಷ್ಟು ಅಂತರವಿದೆ ಎಂಬುದನ್ನು ನಾವೇ ಯೋಚಿಸಬೇಕು. ರಂಗನಾಥನ್ ಅವರು ತಮ್ಮ ಜೀವನದ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿಯೇ ಕಳೆದು 1972ರಲ್ಲಿ ಅಲ್ಲಿಯೇ ನಿಧನರಾದರು. ಅವರ ಮಾತನ್ನು ನಡೆಸಿಕೊಡುವ ಹೊಣೆ ನಮ್ಮ ಮೇಲೆ ಸ್ವಲ್ಪ ಹೆಚ್ಚಾಗಿಯೇ ಇದೆ.

ಇದಕ್ಕೆ ಬೇಕಾದ ಅಡಿಪಾಯವೂ ನಮ್ಮಲ್ಲಿ ಇಲ್ಲದಿಲ್ಲ. ಅಂದಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ರೂಪುಗೊಂಡಿತು. ಅದರಂತೆ ಪಟ್ಟಣಗಳಲ್ಲಿ ಮನೆ ನಿವೇಶನಗಳ ಮೇಲಿನ ತೆರಿಗೆಯ ಪ್ರತಿಯೊಂದು ರೂಪಾಯಿಗೂ 6 ಪೈಸೆ ಗ್ರಂಥಾಲಯ ಕರ ಸೇರುತ್ತದೆ. ಸಾವಿರ ರೂಪಾಯಿ ತೆರಿಗೆ ಕಟ್ಟುವ ಮನೆಯವರು ಗ್ರಂಥಾಲಯಕ್ಕಾಗಿ 60 ರೂಪಾಯಿ ಕಟ್ಟುತ್ತಾರೆ. ಎಷ್ಟೋ ಮಂದಿಗೆ ತಾವು ಕಟ್ಟುತ್ತಿದ್ದೇವೆಂಬುದೇ ತಿಳಿದಿರುವುದಿಲ್ಲ. ಗ್ರಾಮಾಂತರಗಳಲ್ಲಿ ಐದು ಸಾವಿರಕ್ಕೂ ಮಿಗಿಲಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಇವು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತವಾಗಿ ನೀಡಲಾಯಿತು. ಅರಿವು ಕೇಂದ್ರಗಳೆಂಬ ಹೊಸ ಹೆಸರು ಪಡೆದ ಇವುಗಳಲ್ಲಿ ಕೆಲವೆಡೆ ಬೇಸಗೆ ಶಿಬಿರಗಳೂ ನಡೆದಿವೆ. ಇವೆಲ್ಲ ಸಂತೋಷದ ಸಂಗತಿಗಳು.

ಆದರೆ ಸದಸ್ಯತ್ವದ ಚೀಟಿ ಕೊಟ್ಟಮಾತ್ರಕ್ಕೆ ಓದು ಬರುವುದಿಲ್ಲ. ಗ್ರಾಮದ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಇರುವವರು ಮೇಲ್ವಿಚಾರಕರೊಬ್ಬರೇ. ಬಾಗಿಲು ತೆರೆಯುವವರೂ ಅವರೇ, ಕಸ ಗುಡಿಸುವವರೂ ಅವರೇ, ಪುಸ್ತಕ ಕೊಡುವವರೂ ಅವರೇ. ಅವರಿಗೆ ಜ್ವರ ಬಂದರೆ ಊರಿನ ಓದಿಗೂ ಜ್ವರ. ಅನೇಕ ಕಡೆ ಕಪಾಟುಗಳಲ್ಲಿ ಪರೀಕ್ಷೆಗೆ ನೆರವಾಗುವ ಪುಸ್ತಕಗಳೇ ಹೆಚ್ಚು. ಹದಿನಾಲ್ಕು ವರ್ಷದ ಹುಡುಗ ಹುಡುಗಿಯರ ಮನಸ್ಸನ್ನು ಸೆಳೆಯುವ ಕಥೆ, ವಿಜ್ಞಾನ, ಪ್ರವಾಸ, ಜೀವನಚರಿತ್ರೆಗಳು ವಿರಳ. ಪಟ್ಟಣಗಳಲ್ಲಿ ಜನರಿಂದ ಸಂಗ್ರಹವಾದ ಗ್ರಂಥಾಲಯ ಕರವು ಗ್ರಂಥಾಲಯಕ್ಕೆ ಸಕಾಲದಲ್ಲಿ ತಲುಪದೆ ಬಾಕಿ ಉಳಿದಿರುವ ನಿದರ್ಶನಗಳುಂಟು. ಇಂತಹ ಸ್ಥಿತಿಯಲ್ಲಿ ಬೇಸಗೆಯ ಕಾರ್ಯಕ್ರಮ ನಡೆಸಿರೆಂದು ಮೇಲಿನಿಂದ ಒಂದು ಸುತ್ತೋಲೆ ಕಳುಹಿಸಿ ಸುಮ್ಮನಾದರೆ, ಮೊದಲ ದಿನದ ಉದ್ಘಾಟನೆಯೂ ಕೊನೆಯ ದಿನದ ಭಾವಚಿತ್ರವೂ ಉಳಿದು ನಡುವಿನ ಓದು ಮಾತ್ರ ಇಲ್ಲವಾಗುತ್ತದೆ.

ಹಾಗಾದರೆ ಆಗಬೇಕಾದುದೇನು? ಸಿದ್ಧತೆ ಮಾರ್ಚ್ ತಿಂಗಳಲ್ಲಿಯೇ ಆರಂಭವಾಗಬೇಕು. ರಜೆಗೆ ಮುಂಚೆ ಉಪಾಧ್ಯಾಯರು ತಮ್ಮ ತರಗತಿಯ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದು ಅಲ್ಲಿಯೇ ಸದಸ್ಯರನ್ನಾಗಿ ಮಾಡಿಸಬೇಕು. ಶಾಲೆಯ ಬೀರುವಿನ ಪುಸ್ತಕಗಳನ್ನು ರಜೆಯ ಮಟ್ಟಿಗೆ ಪಟ್ಟಿ ಬರೆದು ಗ್ರಂಥಾಲಯಕ್ಕೆ ಒಪ್ಪಿಸಿದರೆ ಲೆಕ್ಕವೂ ಕೆಡುವುದಿಲ್ಲ, ಪುಸ್ತಕವೂ ಸೆರೆಯಾಗುವುದಿಲ್ಲ. ಬಿಸಿಲೇರುವ ಮೊದಲು ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಮಕ್ಕಳ ಹೊತ್ತೆಂದು ಗೊತ್ತುಮಾಡಬಹುದು. ಆದರೆ ಬೆಳಗಿನ ಮನೆಗೆಲಸ, ತಮ್ಮ ತಂಗಿಯರ ಪಾಲನೆ ಇವುಗಳಲ್ಲಿ ತೊಡಗಿರುವ ಹೆಣ್ಣುಮಕ್ಕಳಿಗೆ ಆ ಹೊತ್ತು ಒದಗದು. ಅವರನ್ನು ಕೇಳಿ ಅವರಿಗೆ ಒಪ್ಪುವ ಇನ್ನೊಂದು ಹೊತ್ತನ್ನು ಇಡಬೇಕು. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಂದ ಹುಡುಗಿಯನ್ನು ಬಾಗಿಲಲ್ಲಿ ತಡೆಯಬಾರದು. ತಂದೆತಾಯಿಗಳೊಡನೆ ಕುರಿ ಕಾಯಲೋ ಕೂಲಿಗೋ ಹೋಗುವ ಮಕ್ಕಳ ಕಷ್ಟವನ್ನು ಗ್ರಂಥಾಲಯವೊಂದೇ ಪರಿಹರಿಸಲಾರದು. ಆದರೆ ಅಂತಹವರ ಚೀಲದಲ್ಲಿಯೂ ಒಂದು ಪುಸ್ತಕವಿರುವಂತೆ ಅದು ನೋಡಿಕೊಳ್ಳಬಲ್ಲದು.

ಪುಸ್ತಕಗಳು ಸಾಲವೆಂಬ ಕೊರತೆಗೂ ಹಳೆಯದೊಂದು ಪರಿಹಾರವಿದೆ. ಬರೋಡ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರ ಸುಮಾರಿನಲ್ಲಿ ಗ್ರಂಥಾಲಯ ಚಳವಳಿಯನ್ನು ಕೈಗೊಂಡಾಗ, ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಯಿಂದ ಹಳ್ಳಿಗೆ ಕಳುಹಿಸುವ ಏರ್ಪಾಟು ಬಳಕೆಗೆ ಬಂದಿತು. ಇಂದು ಅಕ್ಕಪಕ್ಕದ ನಾಲ್ಕು ಪಂಚಾಯಿತಿಗಳು ಸೇರಿ ನಾಲ್ಕು ಪೆಟ್ಟಿಗೆ ಪುಸ್ತಕಗಳನ್ನು ಕೊಂಡು ಹತ್ತು ದಿನಗಳಿಗೊಮ್ಮೆ ಬದಲಿಸಿಕೊಂಡರೆ ಪ್ರತಿಯೊಂದು ಊರಿಗೂ ನಾಲ್ಕರಷ್ಟು ಪುಸ್ತಕ ದೊರೆತಂತಾಗುತ್ತದೆ. ಏಳು ವಾರಗಳಲ್ಲಿ ನಾಲ್ಕು ಪೆಟ್ಟಿಗೆಗಳೂ ಎಲ್ಲ ಊರುಗಳನ್ನೂ ಸುತ್ತಿ ಬರಬಲ್ಲವು.

ಇನ್ನು ಕಾರ್ಯಕ್ರಮದ ಸ್ವರೂಪ. ಇದು ಇನ್ನೊಂದು ಶಾಲೆಯಾಗಬಾರದು. ಇಂತಿಷ್ಟು ಪುಟ ಓದಬೇಕು, ಸಾರಾಂಶ ಬರೆಯಬೇಕು, ಹೆಚ್ಚು ಓದಿದವರಿಗೆ ಬಹುಮಾನ ಎಂದು ಕಟ್ಟುಮಾಡಿದರೆ ಮಕ್ಕಳು ಪುಟ ಎಣಿಸುವುದನ್ನು ಕಲಿಯುತ್ತಾರೆಯೇ ಹೊರತು ಓದುವುದನ್ನಲ್ಲ. ಪುಸ್ತಕವನ್ನು ಆರಿಸುವ ಸ್ವಾತಂತ್ರ್ಯ ಅವರದಾಗಿರಬೇಕು. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯವೂ ಇರಬೇಕು. ಪ್ರೌಢಶಾಲೆಯ ಹುಡುಗ ಹುಡುಗಿಯರು ಚಿಕ್ಕ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಲಿ. ಇದರಿಂದ ಮೇಲ್ವಿಚಾರಕರ ಹೊರೆ ಇಳಿಯುತ್ತದೆ. ಓದುವವರ ಉಚ್ಚಾರಣೆ ತಿದ್ದುತ್ತದೆ. ಕೇಳುವವರಿಗೆ ಕಥೆ ದೊರೆಯುತ್ತದೆ. ಓದಿದ ಪುಸ್ತಕದ ಬಗೆಗೆ ನಾಲ್ಕು ಸಾಲು ಬರೆದು ಗೋಡೆ ಪತ್ರಿಕೆಗೆ ಅಂಟಿಸಲಿ.

ಓದನ್ನು ಊರಿನ ಬದುಕಿನೊಡನೆ ಬೆಸೆಯುವುದೂ ಸಾಧ್ಯ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯಲ್ಲಿ ಹಾರುವ ಓತಿಯ ಹುಡುಕಾಟವಿದೆ. ಅದನ್ನು ಓದಿದ ಮಲೆನಾಡಿನ ಹುಡುಗ ತನ್ನ ಮನೆಯ ಹಿಂದಿನ ಕಾಡನ್ನು ಹೊಸ ಕಣ್ಣಿನಿಂದ ನೋಡದಿರಲಾರ. ಅಂದು ಸಂಜೆ ಊರಿನ ಅನುಭವಿ ರೈತರೊಬ್ಬರನ್ನು ಕರೆಸಿ ಅವರು ಕಂಡ ಹಕ್ಕಿ, ಹಾವು, ಮರಗಳ ವಿಚಾರವನ್ನು ಹೇಳಿಸಬಹುದು. ಜಾನಪದ ಕಥೆಗಳನ್ನು ಓದಿದ ಹುಡುಗಿಯರು ತಮ್ಮ ಅಜ್ಜಿಯರಿಂದ ಕೇಳಿದ ಕಥೆಗಳನ್ನು ಬರೆದು ತಂದರೆ ಅದೇ ಒಂದು ಕೈಬರಹದ ಪುಸ್ತಕವಾಗಿ ಗ್ರಂಥಾಲಯದ ಕಪಾಟನ್ನು ಸೇರಬಹುದು. ತಾವು ಬರೆದದ್ದನ್ನು ಕಪಾಟಿನಲ್ಲಿ ಕಂಡ ಮಕ್ಕಳು ಆ ಮನೆಯನ್ನು ಮತ್ತೆ ಪರಕೀಯವೆಂದು ಭಾವಿಸುವುದಿಲ್ಲ.

ಈ ವಿಚಾರಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಮಕ್ಕಳು ರಜೆಯಲ್ಲಾದರೂ ಆಡಲಿ ಎಂದು ಕೆಲವರು ಹೇಳುತ್ತಾರೆ. ಆಡಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಮಧ್ಯಾಹ್ನದ ಉರಿಬಿಸಿಲಿನಲ್ಲಿ ಯಾರು ಆಡುತ್ತಾರೆ? ಆ ಹೊತ್ತು ಇಂದು ಹೋಗುತ್ತಿರುವುದು ಮೊಬೈಲಿನ ಪರದೆಗೆ. ಅದನ್ನು ಕಸಿದುಕೊಂಡು ಬಯ್ಯುವುದರಿಂದ ಫಲವಿಲ್ಲ. ಅದಕ್ಕಿಂತ ಸ್ವಾರಸ್ಯವಾದುದನ್ನು ಕೈಗೆ ಕೊಡಬೇಕು. ಮಕ್ಕಳ ಕೈಗೆ ಕೊಟ್ಟರೆ ಪುಸ್ತಕ ಹರಿದುಹೋಗುತ್ತದೆಂದು ಇನ್ನು ಕೆಲವರ ಅಂಜಿಕೆ. ಹರಿಯುತ್ತದೆ, ನಿಜ. ಹತ್ತು ಕೈಗಳಲ್ಲಿ ಓಡಾಡಿ ಹರಿದ ಪುಸ್ತಕ ತನ್ನ ಜನ್ಮವನ್ನು ಸಾರ್ಥಕ ಮಾಡಿಕೊಂಡಿತು. ಹೊಸದಾಗಿಯೇ ಉಳಿದು ಗೆದ್ದಲಿಗೆ ಆಹಾರವಾದ ಪುಸ್ತಕಕ್ಕೆ ಅಂತಹ ಭಾಗ್ಯವಿಲ್ಲ. ಬಳಕೆಯಿಂದ ಹರಿದ ಪುಸ್ತಕಗಳ ಹೊಣೆಯನ್ನು ಮೇಲ್ವಿಚಾರಕರ ತಲೆಗೆ ಕಟ್ಟದಿರುವ ನಿಯಮ ಮಾತ್ರ ಇರಬೇಕು. ಆ ಭಯ ಹೋಗುವವರೆಗೆ ಅವರು ಕಪಾಟನ್ನು ತೆರೆಯಲು ಹಿಂಜರಿಯುವುದು ಸಹಜವೇ.

ಹಣದ ಮಾತನ್ನೂ ಆಡಲೇಬೇಕು. ಬೇಸಗೆಯ ಓದಿಗೆ ಹೊಸ ಕಟ್ಟಡ ಬೇಡ. ಪುಸ್ತಕ, ಚಾಪೆ, ಕುಡಿಯುವ ನೀರು, ಫ್ಯಾನು, ಹಾಳೆ, ಬಣ್ಣ ಇಷ್ಟು ಸಾಕು. ಜೊತೆಗೆ ಹೆಚ್ಚು ಹೊತ್ತು ದುಡಿಯುವ ಮೇಲ್ವಿಚಾರಕರಿಗೆ ಅದಕ್ಕೆ ತಕ್ಕ ಸಂಭಾವನೆ ಸಲ್ಲಬೇಕು. ಒಬ್ಬರ ಸೇವಾಮನೋಭಾವವನ್ನು ನಂಬಿ ಸಾರ್ವಜನಿಕ ಕೆಲಸ ನಡೆಸುವುದು ನ್ಯಾಯವಲ್ಲ. ಜನರು ಕಟ್ಟಿದ ಗ್ರಂಥಾಲಯ ಕರ ಗ್ರಂಥಾಲಯಕ್ಕೇ ಸಲ್ಲಲಿ, ಪಂಚಾಯಿತಿಯ ಆಯವ್ಯಯದಲ್ಲಿ ಬೇಸಗೆಯ ಓದಿಗೆಂದು ಒಂದು ಬಾಬು ಪ್ರತಿವರ್ಷ ಇರಲಿ ಎಂದು ನಾಗರಿಕರು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕು. ಇದು ದಾನ ಬೇಡುವುದಲ್ಲ, ಕಟ್ಟಿದ ಹಣದ ಲೆಕ್ಕ ಕೇಳುವುದು.

ಸಾಮಾನ್ಯರೆನಿಸಿಕೊಂಡವರು ಪುಸ್ತಕಕ್ಕಾಗಿ ಮಾಡಿದ ತ್ಯಾಗಗಳು ನಮ್ಮ ಕಣ್ಣಮುಂದೆಯೇ ಇವೆ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನ ಹರಳಹಳ್ಳಿಯಲ್ಲಿ, ಒಂದು ಕಾಲಕ್ಕೆ ಬಸ್ ಕಂಡಕ್ಟರಾಗಿದ್ದ ಅಂಕೇಗೌಡರು ತಮ್ಮ ಗಳಿಕೆಯನ್ನೆಲ್ಲ ವ್ಯಯಿಸಿ ಲಕ್ಷಗಟ್ಟಲೆ ಪುಸ್ತಕಗಳ 'ಪುಸ್ತಕ ಮನೆ'ಯನ್ನು ಕಟ್ಟಿದರು. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ಸೈಯದ್ ಇಸಾಕ್ ಅವರು 2011ರಲ್ಲಿ ಜನರಿಗಾಗಿ ಒಂದು ಗ್ರಂಥಾಲಯವನ್ನು ತೆರೆದರು. ತಮಗೆ ದೊರೆಯದ ವಿದ್ಯೆ ಇತರರಿಗಾದರೂ ದೊರೆಯಲಿ ಎಂಬುದು ಅವರ ಆಸೆ. 2021ರ ಏಪ್ರಿಲ್ ತಿಂಗಳಲ್ಲಿ ಬೆಂಕಿಗೆ ಸಿಕ್ಕಿ ಅದರ ಸುಮಾರು 11,000 ಪುಸ್ತಕಗಳು ಬೂದಿಯಾದವು. ಸುದ್ದಿ ತಿಳಿದ ಜನ ನಾಡಿನ ಹಲವೆಡೆಗಳಿಂದ ನೆರವಿನ ಕೈ ಚಾಚಿದರು. ಪುಸ್ತಕದ ಬಗೆಗೆ ನಮ್ಮ ಜನರಲ್ಲಿ ಪ್ರೀತಿಯಿಲ್ಲವೆಂದು ಹೇಳುವವರಿಗೆ ಇದೇ ಉತ್ತರ. ಆದರೆ ಒಬ್ಬಿಬ್ಬರ ತ್ಯಾಗದಿಂದ ನಡೆಯುತ್ತಿರುವುದನ್ನು ಇಡೀ ಸಮಾಜ ತನ್ನ ಕರ್ತವ್ಯವೆಂದು ನಡೆಸಬೇಡವೆ?

ವಿದ್ಯಾರ್ಥಿಗಳಾದ ನಿಮ್ಮ ಪಾಲೂ ಇದರಲ್ಲಿದೆ. ಈ ಬೇಸಗೆಯಲ್ಲಿ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ. ಬಾಗಿಲು ಮುಚ್ಚಿದ್ದರೆ ಏಕೆ ಮುಚ್ಚಿದೆಯೆಂದು ವಿನಯದಿಂದ ವಿಚಾರಿಸಿ. ನಾಲ್ವರು ಗೆಳೆಯರು ಸೇರಿ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ. ತೆರೆದಿದ್ದರೆ ಒಳಗೆ ಹೋಗಿ ಒಂದು ಪುಸ್ತಕವನ್ನು ಕೇಳಿ ಪಡೆಯಿರಿ. ಓದಿ ಮುಗಿಸಿದ ಮೇಲೆ ನಿಮ್ಮ ಬೀದಿಯ ಚಿಕ್ಕ ಹುಡುಗನೊಬ್ಬನನ್ನೋ ಹುಡುಗಿಯೊಬ್ಬಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ಅವರ ಕೈಗೂ ಒಂದು ಪುಸ್ತಕ ಕೊಡಿಸಿ. ಮರುದಿನ ಅವರು ಹೇಳುವ ಕಥೆಯನ್ನು ಕೆಲಸ ನಿಲ್ಲಿಸಿ ಕೇಳಿ. ಹಿಂದೊಮ್ಮೆ ಹೆಂಚಿನ ಮಾಡಿನ ಕೋಣೆಯಲ್ಲಿ ಒಬ್ಬ ವೃದ್ಧರು ನನಗೆ ಮಾಡಿದ ಉಪಕಾರವಿದು. ಅವರಿಗೆ ಅದನ್ನು ತೀರಿಸಲು ನನಗೆ ಆಗಲಿಲ್ಲ. ಇಂತಹ ಋಣವನ್ನು ಹಿಂದಕ್ಕೆ ತೀರಿಸಲಾಗುವುದಿಲ್ಲ, ಮುಂದಿನವರಿಗೆ ಸಲ್ಲಿಸಬೇಕು.